ಹೋಗದ ಫ್ಯೂಸಿನ ಮನೆ

ನನ್ನ ಮಗಳ ಸೀಮಂತದ, ನಮ್ಮ ಕಡೆಯ ಮಾತಿನಲ್ಲಿ ಕುಬಸದ, ದಿನ, ಬೆಳಗಾವಿಯ ಶಿವಬಸವ ನಗರದಲ್ಲಿರುವ ಅವಳ ಗಂಡನ ಮನೆಯಲ್ಲಿ, ಉಡಿ ತುಂಬಲು ಬಂದಿದ್ದ ಹೆಂಗಸರೆಲ್ಲರ ಎದುರಿಗೆ ನಮ್ಮ ಬೀಗತಿ ನನ್ನ ಮಾನ ಕಳೆದರು. ಕಳೆದದ್ದು ನಗುನಗುತ್ತ, ಕೈಯಲ್ಲಿ ಹೋಳಿಗೆಯ ತಾಟು ಹಿಡಿದುಕೊಂಡು, ಬಹಳ ಮರ್ಯಾದೆಯಿಂದ.

“ಬಾಣಂತನಾ ಇಲ್ಲೇ ಮಾಡೂಣ್ರಿ ಬೀಗತ್ಯಾರ. ನಿಮ್ಮ ಖಾನಾಪುರದ ಮನ್ಯಾಗ ಗ್ವಾಡಿ ಮುಟ್ಟಿದ್ರ ಜುಮ್ ಅಂತೈತಂತಲ್ಲ. ಹಸಿ ಬಾಣಂತಿ, ಹಸಿ ಕೂಸು, ಮ್ಯಾಲ ಮಳಿಗಾಲ ಬ್ಯಾರೆ. ನನಗ್ಯಾಕೋ ಧೈರ್ಯ ಆಗವಲ್ದು.”

ಹೆಂಗಸರು ಮುಸಿಮುಸಿ ನಕ್ಕರು. ಆ ನಗುವಿಗೆ ಕಾರಣ ನಮ್ಮ ಅಳಿಯ. ಮದುವೆಯಾದ ಮೊದಲ ದೀಪಾವಳಿಗೆ ನಮ್ಮಲ್ಲಿಗೆ ಬಂದವರು ಎಣ್ಣೆಸ್ನಾನಕ್ಕೆ ಕುಳಿತು, ಕಾಲು ಜಾರಿತೆಂದು ಬಚ್ಚಲಿನ ಗೋಡೆಗೆ ಕೈ ಕೊಟ್ಟಿದ್ದರು. ಕರೆಂಟು ಹೊಡೆದು ಮರುಕ್ಷಣವೇ ಟವೆಲು ಸುತ್ತಿಕೊಂಡು, ಮೈತುಂಬ ಸೋಪಿನ ನೊರೆಯೊಂದಿಗೆ ಪಡಸಾಲೆಗೆ ಓಡಿ ಬಂದಿದ್ದರು. ಆ ಹಬ್ಬಕ್ಕೆ ನಾನು ಏನೇನು ಮಾಡಿ ಬಡಿಸಿದ್ದೆ ಎಂದು ಕೇಳಿದರೆ ಅವರಿಗೆ ಇವತ್ತು ಒಂದೂ ನೆನಪಿರಲಿಕ್ಕಿಲ್ಲ. ಗೋಡೆಯ ಸುದ್ದಿ ಮಾತ್ರ ಶಿವಬಸವ ನಗರದ ಮನೆಮನೆಗೂ ತಲುಪಿತ್ತು.

ಚೊಚ್ಚಲ ಬಾಣಂತನ ತವರುಮನೆಯದು. ನಮ್ಮ ಕಡೆ ಅದು ತಾಯಿಯ ಹಕ್ಕು, ತಾಯಿಯ ಹಟ, ತಾಯಿಯ ಪ್ರತಿಷ್ಠೆ ಎಲ್ಲವೂ ಹೌದು. ನಾನು ಆಗಲೇ ಬಾಣಂತಿಯ ಅಂಟಿನುಂಡೆಗೆಂದು ಅಂಟು, ಕೊಬ್ಬರಿ, ಉತ್ತತ್ತಿ ತರಿಸಿಟ್ಟಿದ್ದೆ. ನನ್ನ ಮೆತ್ತನೆಯ ಹಳೇ ಸೀರೆಗಳನ್ನೆಲ್ಲ ಕೂಡಿಸಿ ಕೂಸಿಗೆಂದು ಕೌದಿ ಹೊಲಿಸಿದ್ದೆ. ಇಷ್ಟೆಲ್ಲ ಸಿದ್ಧ ಮಾಡಿಕೊಂಡು ಕುಳಿತವಳಿಗೆ ನಿಮ್ಮ ಗೋಡೆ ಸರಿಯಿಲ್ಲ ಎಂದರೆ ಹೇಗಾಗಬೇಡ? ಸಿಟ್ಟು ನೆತ್ತಿಗೇರಿತು. ಬೀಗತಿ ಸುಳ್ಳು ಹೇಳಿದ್ದರೆ ಅಲ್ಲೇ ಜಗಳ ತೆಗೆದು ಹಗುರಾಗುತ್ತಿದ್ದೆ. ಅವರು ಹೇಳಿದ್ದು ಖರೆಯೇ ಆಗಿತ್ತು, ಅದೇ ನನ್ನ ಸಂಕಟ.

“ನೋಡೂಣ್ರಿ, ಇನ್ನೂ ಭಾಳ ದಿನ ಅದಾವಲ್ಲ,” ಎಂದೆ.

“ನೋಡೂದೇನೈತ್ರಿ? ನಿಮ್ಮ ಗ್ವಾಡಿ ಸುಮ್ಮನಾತು ಅಂತ ನನಗ ಖಾತ್ರಿ ಆದ್ರ ನಾನ ಕರಕೊಂಡ ಬಂದು ಬಿಟ್ಟ ಹೋಗ್ತೀನಿ. ಇಲ್ಲಂದ್ರ ಇಲ್ಲೇ.”

ಮಗಳು ಹಸಿರು ಸೀರೆಯಲ್ಲಿ, ಹೂವಿನ ದಂಡೆ ಮುಡಿದು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಹತ್ತಿರ ಬರಬೇಕಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಜಾಗವೂ ಅದಲ್ಲ. ಆದರೆ ಹೆತ್ತವಳಿಗೆ ಅಷ್ಟು ತಿಳಿಯುತ್ತದೆ. ಖಾನಾಪುರದ ಬಸ್ಸು ಹತ್ತುವ ಹೊತ್ತಿಗೆ ನಾನು ನಿರ್ಧಾರ ಮಾಡಿ ಆಗಿತ್ತು.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ಖಾನಾಪುರದ ಪೇಟೆ ಓಣಿಯಲ್ಲಿ ಕೆಂಪು ಕಲ್ಲಿನ ಎರಡಂತಸ್ತಿನ ಹಳೇ ಕಟ್ಟಡ. ಮುಂದಿನ ಭಾಗದಲ್ಲಿ ನನ್ನ ಮಾವನವರ ಬಟ್ಟೆ ಅಂಗಡಿ ಇತ್ತು. ವಯಸ್ಸಾಯಿತೆಂದು ಅವರು ಅದನ್ನು ಮುಚ್ಚಿ ಬಹಳ ಕಾಲವಾಯಿತು. ಹಿಂದೆ ಮತ್ತು ಮೇಲೆ ನಾವು ಇರುವುದು. ಮಳೆ ಜಾಂಬೋಟಿ ಕಡೆಯಿಂದ ಹೊರಟು ನಮ್ಮಲ್ಲಿಗೆ ಬಂದರೆ ಬೀಗರಂತೆ ಬೇಗ ಏಳುವುದಿಲ್ಲ. ಆಷಾಢ ಶ್ರಾವಣದಲ್ಲಿ ಗೋಡೆಗಳು ಬೆವರುತ್ತವೆ, ಒಣಹಾಕಿದ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ.

ಮಹಡಿಯ ಮೆಟ್ಟಿಲ ಕೆಳಗೆ ಕರೆಂಟಿನ ಬೋರ್ಡು. ಕಟ್ಟಿಗೆಯ ದೊಡ್ಡ ಹಲಗೆ, ಅದರ ಮೇಲೆ ಹಿಡಿಕೆಯಿರುವ ಕಬ್ಬಿಣದ ಮೇನ್ ಸ್ವಿಚ್ಚು, ಬಾಜೂಕ್ಕೆ ಸಾಲಾಗಿ ಪಿಂಗಾಣಿಯ ಫ್ಯೂಸುಗಳು. ಒಂದು ಕಾಲಕ್ಕೆ ಬೆಳ್ಳಗಿದ್ದವು, ನಾನು ನೋಡುವ ಹೊತ್ತಿಗೆ ಚಹದ ಕಲೆ ಹಿಡಿದ ಬಸಿಗಳ ಹಾಗೆ ಆಗಿದ್ದವು. ಪ್ರತಿ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಾವನವರು ಆ ಹಲಗೆಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ ಕೈ ಮುಗಿಯುತ್ತಿದ್ದರು. ಓಣಿಯಲ್ಲಿ ಮೊದಲು ಲೈಟು ಹತ್ತಿದ್ದು ತಮ್ಮ ಅಂಗಡಿಯಲ್ಲಿ ಎಂಬ ಹೆಮ್ಮೆ ಅವರಿಗೆ. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು.

“ನಮ್ಮ ಮನಿ ಫ್ಯೂಜ್ ಹೋಗಿದ್ದ ಇಲ್ಲ.”

ಈ ಮಾತನ್ನು ಅವರು ಹೇಳದ ಮನುಷ್ಯ ಖಾನಾಪುರ ತಾಲೂಕಿನಲ್ಲಿ ಉಳಿದಿರಲಿಕ್ಕಿಲ್ಲ. ನನ್ನನ್ನು ನೋಡಲು ನನ್ನ ತವರೂರು ಬೀಡಿಗೆ ಬಂದಿದ್ದಾಗ ನಮ್ಮಪ್ಪನ ಮುಂದೆಯೂ ಹೇಳಿದ್ದರು. ಹುಡುಗ ಏನು ಓದಿದ್ದಾನೆ ಎಂದು ಅಪ್ಪ ಕೇಳಿದರೆ, ಅದಕ್ಕೆ ಉತ್ತರ ಕೊಟ್ಟು, ಬೆನ್ನಿಗೇ ಫ್ಯೂಸಿನ ಸುದ್ದಿ ತೆಗೆದಿದ್ದರು. ಮೊದಲೆಲ್ಲ ಲಗ್ನದ ಸೀಜನ್ನಿನಲ್ಲಿ, ಅಂಗಡಿ ತುಂಬ ಗಿರಾಕಿಗಳಿರುವಾಗ ಫ್ಯೂಸು ಹೋಗಿ ಕತ್ತಲಾಗುತ್ತಿತ್ತಂತೆ. ಬೇಸತ್ತು ಮಾವನವರೇ ಒಂದು ದಪ್ಪ ತಾಮ್ರದ ತಂತಿಯನ್ನು ಹೊಸೆದು ಬಿಗಿದರಂತೆ. ಅಲ್ಲಿಂದ ಮುಂದೆ ಫ್ಯೂಸು ಹೋಗಿಲ್ಲ. ಅಪ್ಪ ಮೆಚ್ಚಿ ತಲೆದೂಗಿದ್ದರು, ನನ್ನನ್ನು ಕೊಟ್ಟೂ ಬಿಟ್ಟರು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರಿನವರ ಬಾಯಲ್ಲಿ ಅಕ್ಕೋರು. ಫ್ಯೂಸು ಇರುವುದೇ ಹೋಗಲಿಕ್ಕೆ ಎಂದು ಮಕ್ಕಳಿಗೆ ಕಲಿಸುವವಳು. ಕರೆಂಟು ಮಿತಿ ಮೀರಿದರೆ ಆ ಸಣ್ಣ ತಂತಿ ತಾನು ಕರಗಿ ಮನೆಯನ್ನು ಉಳಿಸಬೇಕು. ದಪ್ಪ ತಂತಿ ಹಾಕಿದರೆ ಅದು ಕರಗುವುದಿಲ್ಲ, ಅದರ ಬದಲು ಉಳಿದದ್ದೆಲ್ಲ ಕಾಯುತ್ತ ಹೋಗುತ್ತದೆ. ಮೊದಲು ಆ ಬೋರ್ಡಿಗಿದ್ದದ್ದು ನಾಲ್ಕಾರು ಬಲ್ಬು, ಒಂದು ರೇಡಿಯೋ. ಆಮೇಲೆ ಫ್ಯಾನು ಬಂದವು, ಟಿವಿ ಬಂತು, ಫ್ರಿಜ್, ಮಿಕ್ಸರ್, ನೀರಿನ ಮೋಟಾರು, ಬಚ್ಚಲಿಗೆ ಗೀಜರು ಬಂತು. ಎಲ್ಲಕ್ಕೂ ಅದೇ ಹಲಗೆ, ಗೋಡೆಯೊಳಗೆ ಅವೇ ಹಳೇ ವೈರುಗಳು. ಇದನ್ನು ಮಾವನವರಿಗೆ ನಾನು ಎಷ್ಟು ಬಗೆಯಲ್ಲಿ ಹೇಳಿದ್ದೇನೋ. ಅವರು ಪೂರ್ತಿ ಕೇಳಿ, ಕೊನೆಗೆ ಬಹಳ ಅಂತಃಕರಣದಿಂದ, “ಅದೆಲ್ಲಾ ಪುಸ್ತಕದಾಗಿಂದು ಯವ್ವಾ. ನಮ್ಮದು ಹೋಗಿದ್ದ ಇಲ್ಲಲ್ಲ,” ಎನ್ನುತ್ತಿದ್ದರು.

ಬೇರೆ ಮನೆಗಳಲ್ಲಿ ಹೊಸ ಸೊಸೆಗೆ ದೇವರಕೋಣೆ ತೋರಿಸುತ್ತಾರೆ, ಅಡುಗೆಮನೆ ತೋರಿಸುತ್ತಾರೆ. ಈಗ ಇಲ್ಲದ ನನ್ನ ಅತ್ತೆ ಅವೆರಡನ್ನೂ ತೋರಿಸಿ, ಮೂರನೆಯದಾಗಿ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿದ್ದರು. ಬೋರ್ಡಿನ ಮುಂದೆ ಊಟದ ಮಣೆಯೊಂದನ್ನು ಇಟ್ಟಿದ್ದರು. “ಇದರ ಮ್ಯಾಲ ನಿಂತ ಸ್ವಿಚ್ ಮುಟ್ಟಬೇಕವಾ. ಬರಿಗಾಲಲೆ ನೆಲದ ಮ್ಯಾಲ ನಿಂತ ಮುಟ್ಟಬ್ಯಾಡ,” ಎಂದು ಕಲಿಸಿದ್ದರು. ಇನ್ನೂ ಇದ್ದವು. ಮಳೆಗಾಲದಲ್ಲಿ ಬಚ್ಚಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹೋಗಬೇಕು. ಗೋಡೆಗೆ ಆನಬಾರದು. ನಳವನ್ನು ಮೊದಲು ಬೆರಳ ಹಿಂಬದಿಯಿಂದ ತಾಕಿಸಿ ನೋಡಬೇಕು. ನನ್ನ ಮಗಳು ಮಾತು ಕಲಿಯುವ ಮೊದಲೇ ಇದನ್ನೆಲ್ಲ ಕಲಿತಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುವ ಹಾಗೆ ಇದೂ ಒಂದು ಮನೆತನದ ಪದ್ಧತಿ ಎಂದೇ ಎಲ್ಲರೂ ನಡೆದುಕೊಂಡು ಬಂದಿದ್ದೆವು. ಪದ್ಧತಿ ಗೊತ್ತಿಲ್ಲದ ಒಬ್ಬರು ಮನೆಗೆ ಬಂದರು ನೋಡಿ, ಅಳಿಯ, ಅವರಿಗೆ ಹೊಡೆಯಿತು.

ಕುಬಸ ಮುಗಿಸಿ ಬಂದ ದಿನ ಸಂಜೆ ನಾನು ಕಾಲು ತೊಳೆಯುವ ಮೊದಲೇ ಹೇಳಿದೆ. “ಮಾವಾರ, ನಾ ಈ ಬೋರ್ಡ್ ತಗಸ್ತೀನ್ರಿ.”

“ನಾ ಇರೂತನಕಾ ಅದಕ್ಕ ಯಾರೂ ಕೈ ಹಚ್ಚೂದಿಲ್ಲ,” ಎಂದರು ಮಾವನವರು.

ನಮ್ಮ ಮನೆಯವರು ಎಂದಿನಂತೆ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಅಪ್ಪ ಮತ್ತು ಹೆಂಡತಿ ಎದುರುಬದುರಾದಾಗ ಅವರು ಓದಿದಷ್ಟು ಸುದ್ದಿಯನ್ನು ಬೇರೆ ಯಾರೂ ಓದಿರಲಿಕ್ಕಿಲ್ಲ.

“ಹಂಗಾದ್ರ ಬಾಣಂತನಾ ಬೆಳಗಾವ್ಯಾಗ,” ಎಂದೆ. “ಬೀಗತ್ಯಾರು ಎಲ್ಲಾರ ಮುಂದ ಹೇಳ್ಯಾರ. ಗಿರಿಮೊಮ್ಮಗನ್ನ ನೋಡಬೇಕಂದ್ರ ನೀವ ಶಿವಬಸವ ನಗರಕ್ಕ ಹೋಗ್ರಿ. ಬೀಗರ ಮನಿ ಸೋಫಾದ ಮ್ಯಾಲ ಕುಂತು, ಕೂಸ ಕೊಡ್ರಿ ಒಂದೀಟು ಅಂತ ಕೇಳ್ರಿ.”

ಇದು ತಾಗಿತು. ಮಾವನವರಿಗೆ ಬೀಗರ ಮನೆಯಲ್ಲಿ ಕೂಡುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಅಲ್ಲಿ ಕೆಮ್ಮುವುದಕ್ಕೂ ಸಂಕೋಚ ಪಡುವವರು. ಆ ಸಂಜೆ ಅವರು ಎರಡನೇ ರೊಟ್ಟಿ ಬೇಡ ಎಂದರು. ಮರುದಿನವೂ ಹಾಗೇ. ಕೆಲವು ದಿನ ಬಿಟ್ಟು, ಲಿಂಗಪೂಜೆ ಮುಗಿಸಿ ಹೊರಬಂದವರು ನನ್ನ ಕಡೆ ನೋಡದೆ ಬಾಗಿಲ ಕಡೆ ನೋಡಿ ಹೇಳಿದರು. “ಬೋರ್ಡ್ ಅಷ್ಟ ಬದಲ ಮಾಡಸು. ಗ್ವಾಡಿಗೆ ಸುತಗಿ ಹಚ್ಚಿದ್ರ ಮಾತ್ರ ನಾ ಸುಮ್ಮಕಿರಾಂಗಿಲ್ಲ.”

ಎಲೆಕ್ಟ್ರಿಶಿಯನ್ ನನ್ನ ಹಳೇ ವಿದ್ಯಾರ್ಥಿಯೇ. ಈಗ ದೊಡ್ಡ ಮೀಸೆ, ಎರಡು ಮಕ್ಕಳ ತಂದೆ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ. ಲೈನ್‌ಮನ್‌ನನ್ನು ಕರೆಸಿ ಕಂಬದಿಂದಲೇ ಕರೆಂಟು ಬಂದ್ ಮಾಡಿಸಿ, ಹಲಗೆಯನ್ನು ಗೋಡೆಯಿಂದ ಕಳಚಿ ಕೆಳಗಿಟ್ಟ. ಅದನ್ನು ಮಗುಚಿ ಹಿಂಬದಿ ತೋರಿಸಿದ. ಕಟ್ಟಿಗೆ ಅಂಗೈ ಅಗಲದಷ್ಟು ಕರಿ ಇದ್ದಿಲಾಗಿತ್ತು. ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗಿ ಉದುರುತ್ತಿತ್ತು. ಸಂಜೆ ಹೊತ್ತು ಮೋಟಾರು, ಗೀಜರು ಕೂಡಿಯೇ ಓಡುವಾಗ ಮೆಟ್ಟಿಲ ಹತ್ತಿರ ಒಂದು ಸುಟ್ಟ ವಾಸನೆ ಬರುತ್ತಿತ್ತು. ಅದು ಬಾಜೂ ಮನೆಯ ಇಸ್ತ್ರಿ ಅಂಗಡಿಯದು ಎಂದು ನಾವೆಲ್ಲ ನಂಬಿದ್ದೆವು. ಇಸ್ತ್ರಿಯವನು ಯಾರದೋ ಅಂಗಿ ಸುಡುತ್ತಿದ್ದಾನೆ ಎಂದು ಅವನನ್ನು ಬೈದದ್ದೂ ಉಂಟು.

“ದೇವಾ ರೇ! ಅಕ್ಕೋರ, ಹೆಂಗ ಮಲಗತಿದ್ರಿ ಈ ಮನ್ಯಾಗ?” ಎಂದ ಅವನು.

ಮಾವನವರು ಬಗ್ಗಿ ನೋಡಿದರು. “ಹಳೇ ಕಟಗಿ. ಕರ್ರಗ ಇರೂದ,” ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ಅದೇ ಜಾಗಕ್ಕೆ ತಗಡಿನ ಹೊಸ ಬಿಳಿ ಪೆಟ್ಟಿಗೆ ಬಂತು. ಒಂದೊಂದು ಕೋಣೆಗೆ ಒಂದೊಂದು ಸಣ್ಣ ಸ್ವಿಚ್ಚು, ಎಲ್ಲಕ್ಕೂ ಮೇಲೆ ಒಂದು ದೊಡ್ಡ ಸ್ವಿಚ್ಚು. ಅದಕ್ಕೆ ಅವರು ಟ್ರಿಪ್ಪರ್ ಎನ್ನುತ್ತಾರೆ. ಕರೆಂಟು ದಾರಿ ತಪ್ಪಿ ಗೋಡೆಗೋ ಮನುಷ್ಯನ ಮೈಗೋ ಸ್ವಲ್ಪ ಸೋರಿದರೂ ಸಾಕು, ಅದು ತಾನಾಗಿ ಬಿದ್ದು ಮನೆಯ ಕರೆಂಟನ್ನೆಲ್ಲ ನಿಲ್ಲಿಸುತ್ತದೆ. ಹಿತ್ತಲಲ್ಲಿ ಆಳದ ಕುಣಿ ತೋಡಿ, ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ಅರ್ಥಿಂಗ್ ಕೊಟ್ಟೆವು. ಉಪ್ಪಿನ ಚೀಲ ಸುರಿಯುವುದನ್ನು ನೋಡಿ ಮಾವನವರು, “ಏನು, ಉಪ್ಪಿನಕಾಯಿ ಹಾಕಾಕತ್ತಿರೇನ?” ಎಂದರು. ಹಾಗೆ ಅಣಕಿಸಿದರೂ ಕುಣಿಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

ಮಳೆ ಹಿಡಿಯಿತು. ಹಿಡಿದ ದಿನವೇ ಟ್ರಿಪ್ಪರ್ ಬಿತ್ತು.

ಎತ್ತಿದರೆ ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಟಕ್ ಎಂದು ಬೀಳುವುದು. ನಾನು ರೊಟ್ಟಿ ಬಡಿಯುವಾಗ ಬಿತ್ತು, ನಮ್ಮ ಮನೆಯವರು ಸ್ನಾನಕ್ಕೆ ಹೋದಾಗ ಬಿತ್ತು, ಮಿಕ್ಸರಿನಲ್ಲಿ ಚಟ್ನಿ ಅರ್ಧ ಆಗಿರುವಾಗ ಬಿತ್ತು. ಫ್ರಿಜ್‌ನಲ್ಲಿ ಹಾಲು ಒಡೆಯಿತು. ಮಾವನವರಿಗೆ ಹೋದ ಜೀವ ಮರಳಿ ಬಂದಂತಾಯಿತು. ಯಾರು ಮನೆಗೆ ಬಂದರೂ ಕರೆದು ಕೂರಿಸಿ, “ಬರ್ರಿ, ಕುಂದರ್ರಿ. ನಮ್ಮ ಅಕ್ಕೋರು ಹೊಸಾ ಬೋರ್ಡ್ ಹಚ್ಚಸ್ಯಾರ. ಈಗ ಬೀಳತೈತಿ, ನೋಡಾಕಂತ,” ಎನ್ನುತ್ತಿದ್ದರು. ಅದೂ ಹಾಳಾದದ್ದು, ಅವರ ಮಾತು ಮುಗಿಯುವುದನ್ನೇ ಕಾದಂತೆ ಬೀಳುತ್ತಿತ್ತು. ಎರಡನೇ ರೊಟ್ಟಿಯ ಮೇಲೆ ಮೂರನೆಯದನ್ನೂ ಕೇಳಿ ಹಾಕಿಸಿಕೊಂಡರು.

ನನಗೆ ನಿಜವಾಗಿ ಅಳು ಬರುವ ಹಾಗಾಗಿತ್ತು. ಮಗಳಿಗೆ ದಿನ ಹತ್ತಿರವಾಗುತ್ತಿತ್ತು. ಅವಳು ಫೋನು ಮಾಡಿದಾಗಲೆಲ್ಲ, “ಏನಾತವ್ವಾ?” ಎಂದು ಒಂದೇ ಮಾತು ಕೇಳುತ್ತಿದ್ದಳು. ಹಿಂದಿನಿಂದ ಬೀಗತಿಯ ದನಿ ಕೇಳಿಸುತ್ತಿತ್ತು. ಅವರು ಆಗಲೇ ಬಾಣಂತಿಯ ಕೋಣೆಗೆ ಹೊಸ ಪರದೆ ಹಾಕಿಸಿದ್ದರಂತೆ.

ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಮೆಲ್ಲಗೆ, “ಅದನ್ನೊಂದ ತಗಸಿಬಿಟ್ರ?” ಎಂದು ನೋಡಿದರು. ಎಲೆಕ್ಟ್ರಿಶಿಯನ್ನನೂ ಬಂದು ಅದನ್ನೇ ಹೇಳಿದ. “ಪಾವಸಾಳ್ಯಾತ, ಮಳಿಗಾಲದಾಗ, ಹಂಗ ಆಗತೈತ್ರಿ ಅಕ್ಕೋರ. ಎಲ್ಲಾರ ಮನ್ಯಾಗೂ ಹಿಂಗ. ಈ ಟ್ರಿಪ್ಪರ್ ಬಾಯಪಾಸ್ ಮಾಡಿ ಕೊಡ್ತೀನಿ. ಮಳಿ ಮುಗದ ಮ್ಯಾಲ ಮತ್ತ ಜೋಡಸೂಣು. ಬೀಳೂದ ಇಲ್ಲ ನೋಡ್ರಿ.”

“ಬೀಳೂದ ಇಲ್ಲ!” ನನ್ನ ದನಿ ಓಣಿಗೆ ಕೇಳಿರಬೇಕು. “ಕಾಲಾಗ ಮುಳ್ಳ ನಟ್ಟು ಕೂಸು ಅಳಾಕತ್ರ ನಿಮ್ಮ ಮನ್ಯಾಗ ಮುಳ್ಳ ತಗೀತಿರೋ, ಬಾಯಾಗ ಅರಬಿ ತುರಕತಿರೋ? ಇದು ಬೀಳಾಕತ್ತೈತಿ ಅಂದ್ರ ಎಲ್ಲೋ ಸೋರಾಕತ್ತೈತಿ ಅಂತ ಅರ್ಥ. ಎಲ್ಲಿ ಅಂತ ಹುಡುಕೂದ ಬಿಟ್ಟು ಬಾಯಪಾಸ್ ಅಂತಾನ ಬಾಯಪಾಸ್. ರವಿವಾರ ಮುಂಜಾನೆ ಬಾ. ನಾನ ಹುಡುಕಿ ಕೊಡ್ತೀನಿ.”

ಮೀಸೆ ಬಂದರೇನು, ವಿದ್ಯಾರ್ಥಿ ವಿದ್ಯಾರ್ಥಿಯೇ. “ಹೂಂನ್ರಿ ಅಕ್ಕೋರ,” ಎಂದು ಹೋದ.

ರವಿವಾರ ಬಂದ. ಹೊರಗೆ ಜಡಿಮಳೆ. ಮನೆಯಲ್ಲಿದ್ದ ಪ್ಲಗ್ಗುಗಳನ್ನೆಲ್ಲ ಕಿತ್ತು, ಪೆಟ್ಟಿಗೆಯ ಸಣ್ಣ ಸ್ವಿಚ್ಚುಗಳನ್ನೆಲ್ಲ ಕೆಳಗೆ ಮಾಡಿಸಿ, ದೊಡ್ಡದನ್ನು ಎತ್ತಿಸಿದೆ. ನಿಂತಿತು. ಆಮೇಲೆ ನಾನು ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಒಂದೊಂದೇ ಕೋಣೆಯ ಹೆಸರು ಕರೆದೆ. ಅವನು ಒಂದೊಂದೇ ಸ್ವಿಚ್ಚು ಎತ್ತಿದ. ಪಡಸಾಲೆ ನಿಂತಿತು. ಅಡುಗೆಮನೆ ನಿಂತಿತು. ಮಹಡಿ ನಿಂತಿತು. ಮಾವನವರು ಯಾವಾಗಲೋ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು.

“ಬಚ್ಚಲ,” ಎಂದೆ.

ಟಕ್.

ಮತ್ತೆ ಎತ್ತಿಸಿದೆ. ಮತ್ತೆ ಟಕ್. ಮಾವನವರು ಎಲೆಕ್ಟ್ರಿಶಿಯನ್ನನ್ನು ಬಾಜೂಕ್ಕೆ ಸರಿಸಿ, “ಸರಿ, ನಾ ಎತ್ತತೀನಿ,” ಎಂದು ತಾವೇ ಬೆರಳಿಟ್ಟು ದೊಡ್ಡ ಸ್ವಿಚ್ಚನ್ನು ಮೇಲಕ್ಕೆ ಒತ್ತಿದರು. ಅದು ನಿಲ್ಲಲಿಲ್ಲ, ಅವರ ಬೆರಳಿನಡಿಯಿಂದಲೇ ಕಸಿದುಕೊಂಡು ಕೆಳಗೆ ಬಿತ್ತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆಯೂ ಹಾಗೇ. ತಮ್ಮ ಮನೆಯಲ್ಲಿ ತಮ್ಮ ಮಾತು ಕೇಳದ ಸ್ವಿಚ್ಚನ್ನು ಅವರು ಮೊದಲ ಸಲ ನೋಡಿದ್ದು.

“ಇದು ಸುಮ್ಮ ಸುಮ್ಮನ ಬೀಳೂದಲ್ಲ ಬಿಡು,” ಎಂದರು. “ಬಚ್ಚಲದಾಗ ಏನೋ ಐತಿ. ಒಡೀ ಗ್ವಾಡಿ.”

ನಾನು ಅವರ ಮುಖ ನೋಡಿದೆ. ಅವರು ಆಗಲೇ ಬಚ್ಚಲ ಕಡೆ ನಡೆದಿದ್ದರು.

ಕಂಬದಿಂದ ಬಂದ ಕರೆಂಟನ್ನು ನಿಲ್ಲಿಸಿ, ಎಲೆಕ್ಟ್ರಿಶಿಯನ್ ಗೀಜರಿನ ಕೆಳಗೆ ಗೋಡೆಯ ಗಿಲಾವು ಕೆತ್ತಿದ. ತೇವಕ್ಕೆ ಅದು ಮೊಸರನ್ನದಂತೆ ಕೈಗೆ ಬಂತು. ಒಳಗೆ ಹಳೇ ವೈರು ಕಾಣಿಸಿತು. ಒಂದು ಕಡೆ ಎರಡು ವೈರುಗಳನ್ನು ಹೆಣೆದು ಕೂಡಿಸಿದ ಗಂಟು ಇತ್ತು. ಆ ಗಂಟಿಗೆ ಟೇಪು ಸುತ್ತಿರಲಿಲ್ಲ, ಬಟ್ಟೆಯ ತುಂಡು ಸುತ್ತಿತ್ತು. ತೊಯ್ದು, ಕೊಳೆತು, ಅರ್ಧ ಸುಟ್ಟಿದ್ದರೂ ಅದರ ಕೆಂಪು ಅಂಚು ಇನ್ನೂ ಸ್ಪಷ್ಟವಿತ್ತು. ಎಲೆಕ್ಟ್ರಿಶಿಯನ್ ಅದನ್ನು ಕತ್ತರಿಯ ತುದಿಯಿಂದ ಎತ್ತಿ ಹಿಡಿದು, “ಕಾಯ್ ಹೇ? ಇದೇನ ಕುಪ್ಪಸದ ಅರಬಿ?” ಎಂದು ನಗಲು ಹೋದ.

ಮಾವನವರು ಬಚ್ಚಲ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಖಣ ಅದು,” ಎಂದರು. “ನಮ್ಮ ಅಂಗಡ್ಯಾಗಿಂದ. ಬಚ್ಚಲಕ್ಕ ಲೈಟ್ ತಂದಾಗ ನಾನ ಸುತ್ತಿದ್ದೆ. ಟೇಪ್ ಇರಲಿಲ್ಲ ಆವತ್ತ. ಅಂಗಡ್ಯಾಗ ಖಣದ ತುಂಡ ಬಿದ್ದಿದ್ವು. ಗಟ್ಟಿ ಅರಬಿ, ಏನಾಗತೈತಿ ಅಂತ ಸುತ್ತಿ ಗಿಲಾವ್ ಮಾಡಿಸಿದೆ.”

ಆಮೇಲೆ ಅವರು ತಾವು ಕುಳಿತ ಜಾಗವನ್ನು ನೋಡಿಕೊಂಡರು, ಗೋಡೆಯ ತೂತನ್ನು ನೋಡಿದರು. ಸ್ಟೂಲಿನ ಮೇಲೆ ಕುಳಿತವರ ಹೆಗಲಿನ ಮಟ್ಟಕ್ಕೆ ಆ ಗಂಟು ಇತ್ತು. ಬಾಣಂತಿಯನ್ನು ಎರೆಯಲು ಕೂರಿಸುವುದು ಅದೇ ಸ್ಟೂಲಿನ ಮೇಲೆ.

“ಆಕಿ ಬೆನ್ನ ಇಲ್ಲೇ ಬರತಿತ್ತಲ್ಲ ಯವ್ವಾ,” ಎಂದರು. “ಕೂಸಿನ ತಲೀನೂ ಇಲ್ಲೇ ಬರತಿತ್ತು.”

ವರ್ಷಗಟ್ಟಲೆ ಈ ಮನುಷ್ಯನನ್ನು ಸೋಲಿಸಬೇಕೆಂದು ಕಾದವಳು ನಾನು. ಈಗ ನೋಡಿದರೆ ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಬಂತು. ಚಹ ಮಾಡಿ ತರುತ್ತೇನೆಂದು ನಾನು ತಿರುಗುವಷ್ಟರಲ್ಲಿ ಅವರೇ ಎದ್ದು ನಿಂತು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಅಂಗಡಿಯ ಕಾಲದ ದನಿಯಲ್ಲಿ ಗುಡುಗಿದರು.

“ಎಲ್ಲಾ ಒಡೀ! ಒಂದೂ ಗ್ವಾಡಿ ಬಿಡಬ್ಯಾಡ. ಅಟ್ಟ, ಅಡಗಿಮನಿ, ಅಂಗಡಿ, ಎಲ್ಲಾ. ನಾ ಎಲ್ಲೆಲ್ಲಿ ಏನೇನ ಸುತ್ತೇನೋ ನನಗ ನೆಪ್ಪಿಲ್ಲ.”

ಅಲ್ಲಿಂದ ಮುಂದೆ ಆ ಕೆಲಸ ನನ್ನದಾಗಿ ಉಳಿಯಲಿಲ್ಲ, ಪೂರ್ತಿ ಅವರದಾಯಿತು. ಮನೆತುಂಬ ಕೆಂಪು ಧೂಳು, ಕೊಳವೆ, ಹೊಸ ವೈರಿನ ಸುರುಳಿಗಳು. ಮಾವನವರು ತಲೆಗೆ ಟವೆಲು ಸುತ್ತಿಕೊಂಡು ಕೆಲಸದವರ ಬೆನ್ನು ಬಿಡಲಿಲ್ಲ. ಒಂದು ಗಂಟು ಹಾಕಿದರೂ, “ಏನ ಸುತ್ತಿದಿ? ತೋರಸು,” ಎಂದು ಕನ್ನಡಕ ಏರಿಸಿ ನೋಡುತ್ತಿದ್ದರು. ಎಲೆಕ್ಟ್ರಿಶಿಯನ್ ನನ್ನ ಹತ್ತಿರ ಬಂದು, “ನಿಮಗಿಂತಾ ಇವರ ಭಾಳ ಅಂಜಸ್ತಾರ್ರಿ ಅಕ್ಕೋರ,” ಎಂದ. ನಮ್ಮ ಮನೆಯವರು ಕೂಡ ಪೇಪರು ಮಡಿಚಿಟ್ಟು ಅಟ್ಟ ಹತ್ತಿ ಸಾಮಾನು ಇಳಿಸಿದರು. ನಾವು ಮೂವರೂ ಒಂದೇ ಕಡೆ ನಿಂತು ಒಂದೇ ಕೆಲಸ ಮಾಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಮಗಳಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ನಾನು ಅಲ್ಲಿದ್ದೆ. ಮಾವನವರಿಗೆ ಫೋನು ಮಾಡಿ ಹೇಳಿದರೆ, “ಹಿತ್ತಲದ ಲೈಟ್ ಒಂದ ಉಳದೈತಿ. ನಾಳೆ ಮುಗೀತೈತಿ. ಬರ್ರಿ,” ಎಂದರು. ಮುಗಿಸಿಯೇ ಬಿಟ್ಟರು. ಮನೆ ಪೂರ್ತಿಯಾದ ಮೇಲೆ ಟ್ರಿಪ್ಪರನ್ನು ಎತ್ತಿದರಂತೆ. ಜಡಿಮಳೆಯಲ್ಲೂ ಅದು ಅಲುಗಾಡದೆ ನಿಂತಿತಂ‌ತೆ.

ಬೀಗತಿ ಮಾತಿಗೆ ತಪ್ಪಲಿಲ್ಲ. ಮಗಳು, ಅಳಿಯನ ಜೊತೆ ತಾವೇ ಕಾರಿನಲ್ಲಿ ಕೂಸನ್ನು ಎತ್ತಿಕೊಂಡು ಬಂದರು. ಆದರೆ ಒಳಗೆ ಬಂದವರು ಕೂಸನ್ನು ಯಾರ ಕೈಗೂ ಕೊಡಲಿಲ್ಲ. “ಮೊದಲ ಗ್ವಾಡಿ ತೋರಸ್ರಿ,” ಎಂದರು.

ಮಾವನವರು ಇದಕ್ಕಾಗಿಯೇ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಧೋತರ, ಹಣೆತುಂಬ ವಿಭೂತಿ. ಬೀಗತಿಯನ್ನು ಬಹಳ ಗೌರವದಿಂದ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ, ಬರಿಗಾಲಲ್ಲಿ ನೆಲದ ಮೇಲೆ ನಿಂತು, ದೊಡ್ಡ ಸ್ವಿಚ್ಚಿನ ಮಗ್ಗುಲಿಗಿದ್ದ ಪರೀಕ್ಷೆಯ ಗುಂಡಿ ಒತ್ತಿದರು. ಟಕ್ ಎಂದು ಮನೆಯ ಫ್ಯಾನು, ಲೈಟು ಎಲ್ಲ ನಿಂತವು. ಬೀಗತಿ ಬೆಚ್ಚಿ ಹಿಂದೆ ಸರಿದರು.

“ಬಿತ್ತು! ನೋಡಿದ್ರಿ?” ಮಾವನವರ ಮುಖ ಅರಳಿತ್ತು. “ಹಿಂಗ ಬೀಳಬೇಕ್ರಿ ಬೀಗತ್ಯಾರ. ಬೀಳೂದ ಅದರ ಕೆಲಸ. ಬೀಳದಿದ್ರ ಮನಷ್ಯಾ ಬೀಳತಾನ. ತಿಂಗಳಿಗೊಮ್ಮಿ ಒತ್ತಿ ನೋಡಬೇಕು. ಅಂದಂಗ, ನಿಮ್ಮ ಮನ್ಯಾಗ ಇದು ಐತಿಲ್ರಿ?”

ಬೀಗತಿ ಅಳಿಯನ ಮುಖ ನೋಡಿದರು. ಅಳಿಯ ನೆಲ ನೋಡಿದರು. ಅವರ ಮನೆಯೂ ಒಂದು ಕಾಲಕ್ಕೆ ಕಟ್ಟಿದ್ದೇ, ಬಣ್ಣ ಮಾತ್ರ ಹೊಸದು. ಬೋರ್ಡಿನ ಬಾಗಿಲು ತೆಗೆದು ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

“ಗೊತ್ತಿಲ್ರಿ,” ಎಂದರು ಬೀಗತಿ.

“ಹಂಗಾದ್ರ ಹಚ್ಚಿಸಿಕೊಳ್ರಿ. ಅಲ್ಲೀತನಕಾ ಕೂಸು ಇಲ್ಲೇ ಇರಲಿ,” ಎಂದು ಮಾವನವರು ಎರಡೂ ಕೈ ಚಾಚಿದರು. ಬೀಗತಿ ಕೂಸನ್ನು ಅವರ ಕೈಯಲ್ಲಿ ಇಟ್ಟರು. ನನಗಾದ ಆನಂದವನ್ನು ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡವಳು ನಾನಲ್ಲ. ಅಡುಗೆಮನೆಗೆ ಹೋಗಿ ಒಬ್ಬಳೇ ಮನಸಾರೆ ನಕ್ಕೆ, ಅಂಟಿನುಂಡೆಯ ಡಬ್ಬಿಯನ್ನು ಇಡಿಯಾಗಿ ತಂದು ಬೀಗತಿಯ ಮುಂದಿಟ್ಟೆ.

ಮರುದಿನ ಮುಂಜಾನೆ ಮಗಳಿಗೆ ಎರೆಯಲು ನೀರು ಕಾಯಿಸಿದೆ. ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಮಗಳು ಸೊರಗಿದ್ದಳು, ಮೈಯಲ್ಲಿ ನೋವಿತ್ತು. ಬಚ್ಚಲಿಗೆ ಬಂದವಳು ಸ್ಟೂಲಿನ ತುದಿಯಲ್ಲಿ ಮುದುಡಿ ಕುಳಿತಳು. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡಿದ್ದಳು, ಬೆನ್ನು ಮುಂದಕ್ಕೆ ಬಾಗಿತ್ತು, ಗೋಡೆಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ. ಮೂರು ದಿನಗಳ ಕೂಸಿನ ತಾಯಿ, ನಿಟ್ಟುಸಿರು ಬಿಟ್ಟು ಹಿಂದಕ್ಕೆ ಆನಬೇಕಾದ ಹೊತ್ತು. ನಾನು ಎಲ್ಲ ಹೇಳಿದ್ದೆ, ಅವಳು ಎಲ್ಲ ಕೇಳಿದ್ದಳು. ಮೈಗೆ ಗೊತ್ತಾಗಿರಲಿಲ್ಲ.

ತಂಬಿಗೆ ಕೆಳಗಿಟ್ಟು ಅವಳ ಒದ್ದೆ ಕೈಯನ್ನು ಹಿಡಿದುಕೊಂಡೆ. ನನ್ನ ಕೈಯೊಂದಿಗೆ ಅವಳ ಕೈಯನ್ನೂ ಒಯ್ದು ಗೋಡೆಯ ಮೇಲೆ ಇಟ್ಟೆ. ಅವಳು ಬೆಚ್ಚಿ ಎಳೆದುಕೊಂಡಳು. ನಾನು ನನ್ನದನ್ನು ಅಲ್ಲೇ ಬಿಟ್ಟೆ. ಅವಳು ನನ್ನ ಮುಖ ನೋಡಿದಳು, ನನ್ನ ಕೈ ನೋಡಿದಳು. ಆಮೇಲೆ ತಾನಾಗಿ ಬೆರಳು ತಾಕಿಸಿದಳು, ಅಂಗೈ ಊರಿದಳು, ಮೆಲ್ಲಗೆ ತೊಯ್ದ ಬೆನ್ನು, ತೊಯ್ದ ತಲೆ ಎಲ್ಲವನ್ನೂ ಆ ಗೋಡೆಗೆ ಒಪ್ಪಿಸಿ ಕಣ್ಣು ಮುಚ್ಚಿದಳು. ಅವಳ ಹೆಗಲುಗಳು ಇಳಿದವು.

“ಅವ್ವಾ,” ಎಂದಳು ಕಣ್ಣು ತೆರೆಯದೆ, “ಗ್ವಾಡಿ ತಣ್ಣಗೈತಿ.”

ಹುಟ್ಟಿ ಬೆಳೆದ ಮನೆಯ ಗೋಡೆ ಹೇಗಿರುತ್ತದೆಂದು ಅವಳಿಗೆ ಆವತ್ತು ಗೊತ್ತಾಯಿತು.